ಕೇರ್ ಪ್ಲಾನ್ ಬರೆಯುವುದು ಹೇಗೆ, ಸಬ್‌ನೆಟ್ ಹಂಚುವುದು ಹೇಗೆ?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಕಟ್ಟು ರೆಕಾರ್ಡ್ ಪುಸ್ತಕಗಳು ಬಂದು ಕೂರುತ್ತವೆ. ಒಂದು ಕಟ್ಟು ನಾನು ಪಾಠ ಹೇಳುವ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳದು, ಇನ್ನೊಂದು ನನ್ನ ಪತಿ ಪಾಠ ಹೇಳುವ ಬಿಸಿಎ ವಿದ್ಯಾರ್ಥಿಗಳ ನೆಟ್‌ವರ್ಕ್ ಲ್ಯಾಬಿನದು. ಎರಡು ವಿಷಯಗಳಿಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಆದರೂ ನಾವಿಬ್ಬರೂ ಕೆಂಪು ಶಾಯಿಯಲ್ಲಿ ಪುಟದ ಅಂಚಿಗೆ ಬರೆಯುವ ಮಾತು ಬಹುಪಾಲು ಒಂದೇ ಆಗಿರುತ್ತದೆ: ‘ಇದಕ್ಕೆ ಆಧಾರ ಎಲ್ಲಿ?’ ಓದದೆ ಅಂಕ ಕಳೆದುಕೊಳ್ಳುವವರಿಗಿಂತ, ಚೆನ್ನಾಗಿ ಓದಿಕೊಂಡಿದ್ದೂ ತಾವು ಆ ಉತ್ತರಕ್ಕೆ ಹೇಗೆ ಬಂದೆವೆಂಬುದನ್ನು ತೋರಿಸದೆ ಕಳೆದುಕೊಳ್ಳುವವರನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಅದಕ್ಕಾಗಿ ನರ್ಸಿಂಗ್‌ನ ಕೇರ್ ಪ್ಲಾನ್ (ಒಬ್ಬ ರೋಗಿಯ ಆರೈಕೆಯ ಲಿಖಿತ ಯೋಜನೆ) ಮತ್ತು ನೆಟ್‌ವರ್ಕಿಂಗ್‌ನ ಸಬ್‌ನೆಟ್ ಲೆಕ್ಕ (ಒಂದು ಕಂಪ್ಯೂಟರ್ ಜಾಲವನ್ನು ಚಿಕ್ಕ ಜಾಲಗಳಾಗಿ ಹಂಚುವುದು), ಇವೆರಡನ್ನೂ ಆಧಾರಸಹಿತವಾಗಿ ಬರೆಯುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ರೋಗಿಯ ಮಾತಿನಿಂದ ಆರಂಭ

ಕೇರ್ ಪ್ಲಾನ್‌ಗೆ ಐದು ಹಂತಗಳಿವೆ: ಅಸೆಸ್‌ಮೆಂಟ್ (ರೋಗಿಯ ಸ್ಥಿತಿಯ ಮಾಹಿತಿ ಸಂಗ್ರಹ), ನರ್ಸಿಂಗ್ ಡಯಾಗ್ನೋಸಿಸ್ (ತೊಂದರೆಯನ್ನು ಗುರುತಿಸಿ ಹೆಸರಿಡುವುದು), ಯೋಜನೆ, ಅನುಷ್ಠಾನ, ಮೌಲ್ಯಮಾಪನ. ವಿದ್ಯಾರ್ಥಿಗಳು ಇದನ್ನು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿರುತ್ತಾರೆ. ಆದರೆ ವಾರ್ಡಿಗೆ ಹೋದಾಗ ಮೊದಲು ಕೇಸ್ ಶೀಟ್ ತೆರೆದು, ವೈದ್ಯರು ಬರೆದ ರೋಗದ ಹೆಸರನ್ನು ನೋಡಿ, ಆ ಹೆಸರಿಗೆ ಹೊಂದುವ ಯೋಜನೆಯನ್ನು ಪುಸ್ತಕದಿಂದ ಇಳಿಸಿಕೊಳ್ಳುತ್ತಾರೆ. ಹೀಗೆ ಮಾಡಿದರೆ ಐದು ಹಂತಗಳಲ್ಲಿ ಮೊದಲನೆಯದೇ ತಪ್ಪಿಹೋದಂತೆ.

ಕೇಸ್ ಶೀಟ್ ಓದುವುದು ಬೇಡವೆಂದು ನಾನು ಹೇಳುತ್ತಿಲ್ಲ, ಆದರೆ ಅದಕ್ಕೂ ಮೊದಲು ಹಾಸಿಗೆಯ ಪಕ್ಕ ಹತ್ತು ನಿಮಿಷ ಕುಳಿತುಕೊಳ್ಳಿ. ರೋಗಿ ಹೇಳಿದ್ದನ್ನು ಅವರ ಬಾಯಿಂದ ಬಂದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಿ. ರೆಕಾರ್ಡ್ ಇಂಗ್ಲಿಷಿನಲ್ಲಿರಬೇಕು ಎಂಬ ಅವಸರದಲ್ಲಿ ಅಲ್ಲಿಯೇ ಅನುವಾದಿಸಲು ಹೋದರೆ ಅರ್ಥ ಸೋರಿಹೋಗುತ್ತದೆ. ‘ಸಂಕಟ ಆಗ್ತದೆ’ ಎಂದು ಒಬ್ಬರು ಹೇಳಿದರೆ ಅದು ಉಸಿರಾಟದ ತೊಂದರೆಯಿರಬಹುದು, ಹೊಟ್ಟೆ ತೊಳಸುವುದಿರಬಹುದು, ಎದೆ ನೋವಿರಬಹುದು ಅಥವಾ ಮನಸ್ಸಿನ ಕಳವಳವಿರಬಹುದು. ‘ಎಲ್ಲಿ ಸಂಕಟ, ಕೈಯಿಟ್ಟು ತೋರಿಸಿ’ ಎಂದು ಕೇಳಬೇಕು. ‘ಸುಸ್ತು’ ಎಂದವರನ್ನು ಏನು ಮಾಡಿದಾಗ ಸುಸ್ತು, ಎಷ್ಟು ದೂರ ನಡೆದರೆ ಸುಸ್ತು ಎಂದು ವಿಚಾರಿಸಬೇಕು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದು ಓದುವ ಮಕ್ಕಳಿದ್ದಾರೆ. ಅಂಥವರು ಸಹಪಾಠಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ. ಅಮೆರಿಕದ ನರ್ಸಿಂಗ್ ಚಿಂತಕಿ ಐಡಾ ಜೀನ್ ಒರ್ಲಾಂಡೊ ಅವರು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒತ್ತಿಹೇಳಿದ್ದು ಇದನ್ನೇ: ರೋಗಿಗೆ ಏನು ಬೇಕೆಂದು ದಾದಿ ಊಹಿಸಿಕೊಂಡದ್ದನ್ನು ರೋಗಿಯೊಂದಿಗೇ ಮಾತನಾಡಿ ಖಚಿತಪಡಿಸಿಕೊಳ್ಳಬೇಕು.

ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಇದು ಪಾಠಕ್ಕಾಗಿ ಕಟ್ಟಿದ ಪ್ರಕರಣ. 58 ವರ್ಷದ ರೈತರೊಬ್ಬರು ನ್ಯುಮೋನಿಯಾದಿಂದ ದಾಖಲಾಗಿದ್ದಾರೆ. ‘ಮಲಗಿದ್ರೆ ಉಸಿರು ಕಟ್ಟಿದಂಗೆ ಆಗ್ತದೆ, ಕಫ ಗಂಟಲಲ್ಲೇ ನಿಂತದೆ, ಕೆಮ್ಮಿದ್ರೆ ಪಕ್ಕೆ ಚುಚ್ತದೆ’ ಎನ್ನುತ್ತಾರೆ. ಇದು ರೋಗಿ ಹೇಳಿದ ಮಾಹಿತಿ. ನೀವು ಅಳೆದು ಕಂಡದ್ದು ಬೇರೆ: ಉಸಿರಾಟ ನಿಮಿಷಕ್ಕೆ 28, ನಾಡಿಬಡಿತ 104, ಜ್ವರ 102.6 ಡಿಗ್ರಿ ಫ್ಯಾರನ್‌ಹೀಟ್, ಹೊರಗಿನಿಂದ ಆಮ್ಲಜನಕ ಕೊಡದಿರುವಾಗ ಆಕ್ಸಿಮೀಟರ್ ತೋರಿಸುವ ಪ್ರಮಾಣ ಶೇ 90, ಬಲ ಶ್ವಾಸಕೋಶದ ಕೆಳಭಾಗದಲ್ಲಿ ಸ್ಟೆತಾಸ್ಕೋಪಿಗೆ ಕೇಳುವ ಚಟಪಟ ಸದ್ದು, ಹಳದಿ ಬಣ್ಣದ ಗಟ್ಟಿ ಕಫ. ಉಸಿರಾಟವನ್ನು ಎಣಿಸುವಾಗ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿರುವುದು ರೋಗಿಗೆ ಗೊತ್ತಾದರೆ ಅವರು ಅರಿವಿಲ್ಲದೆಯೇ ಉಸಿರಿನ ಲಯವನ್ನು ಬದಲಿಸಿಬಿಡುತ್ತಾರೆ, ಆದ್ದರಿಂದ ನಾಡಿ ಹಿಡಿದ ಕೈಯನ್ನು ಬಿಡದೆ ಎದೆಯ ಏರಿಳಿತವನ್ನು ಗಮನಿಸುವುದು ನಮ್ಮಲ್ಲಿ ರೂಢಿ.

ರೋಗಿಯ ಹೆಸರು, ಊರು, ಆಸ್ಪತ್ರೆಯ ನೋಂದಣಿ ಸಂಖ್ಯೆ ಇವು ಯಾವುವೂ ನಿಮ್ಮ ರೆಕಾರ್ಡಿನಲ್ಲಿ ಬರಬಾರದು.

ಹೆಸರಿಡುವಾಗ ಆಗುವ ತಪ್ಪು

ಎರಡನೆಯ ಹಂತದಲ್ಲಿಯೇ ಕೆಂಪು ಶಾಯಿ ಹೆಚ್ಚು ಖರ್ಚಾಗುತ್ತದೆ. ನ್ಯುಮೋನಿಯಾ ಎಂಬುದು ವೈದ್ಯಕೀಯ ಡಯಾಗ್ನೋಸಿಸ್. ಆ ರೋಗದಿಂದಾಗಿ ಈ ವ್ಯಕ್ತಿಗೆ ಈಗ ಯಾವ ತೊಂದರೆಯಾಗುತ್ತಿದೆ, ಅದರಲ್ಲಿ ದಾದಿ ತನ್ನ ಅಧಿಕಾರದಲ್ಲೇ ಮಾಡಬಹುದಾದದ್ದೇನು ಎಂಬುದನ್ನು ಹೇಳುವುದು ನರ್ಸಿಂಗ್ ಡಯಾಗ್ನೋಸಿಸ್. ಇಂಥ ಹೆಸರುಗಳನ್ನು ವರ್ಗೀಕರಿಸುವ ಕೆಲಸ 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಸಮ್ಮೇಳನದಿಂದ ಆರಂಭವಾಯಿತು. ಮುಂದೆ 1982ರಲ್ಲಿ ಇದೇ ಕೆಲಸಕ್ಕಾಗಿ ನಾಂಡಾ ಎಂಬ ಸಂಸ್ಥೆ ರೂಪುಗೊಂಡಿತು. ನಮ್ಮ ವಿದ್ಯಾರ್ಥಿಗಳು ಬಳಸುವ ಪಟ್ಟಿ ಅಲ್ಲಿಂದಲೇ ಬಂದದ್ದು.

ವಾಕ್ಯಕ್ಕೆ ಮೂರು ಭಾಗಗಳಿರಬೇಕು: ತೊಂದರೆ, ಅದರ ಕಾರಣ, ಅದಕ್ಕಿರುವ ಲಕ್ಷಣಗಳ ಆಧಾರ. ನಮ್ಮ ಪ್ರಕರಣದಲ್ಲಿ ಅದು ಹೀಗಾಗುತ್ತದೆ: ಶ್ವಾಸಮಾರ್ಗ ಸರಿಯಾಗಿ ತೆರವಾಗುತ್ತಿಲ್ಲ, ಗಟ್ಟಿ ಕಫ ನಿಂತಿರುವುದು ಮತ್ತು ನೋವಿನಿಂದಾಗಿ ಬಲವಾಗಿ ಕೆಮ್ಮಲಾಗದಿರುವುದು ಇದಕ್ಕೆ ಕಾರಣ, ಉಸಿರಾಟ ನಿಮಿಷಕ್ಕೆ 28 ಇರುವುದು, ಶ್ವಾಸಕೋಶದ ಸದ್ದು, ಶೇ 90ಕ್ಕೆ ಇಳಿದ ಆಮ್ಲಜನಕ ಇದಕ್ಕೆ ಆಧಾರ. ‘ನ್ಯುಮೋನಿಯಾ ಕಾರಣದಿಂದ’ ಎಂದಷ್ಟೇ ಬರೆದರೆ ನೀವು ಮಾಡಬೇಕಾದ ಕೆಲಸ ಆ ವಾಕ್ಯದಿಂದ ಹೊರಡುವುದಿಲ್ಲ. ‘ಗಟ್ಟಿ ಕಫ’ ಎಂದು ಬರೆದರೆ ಅದನ್ನು ತೆಳುವಾಗಿಸುವ ದಾರಿ ತಾನಾಗಿ ಕಾಣುತ್ತದೆ. ‘ನೋವಿನಿಂದ ಕೆಮ್ಮಲಾಗುತ್ತಿಲ್ಲ’ ಎಂದು ಬರೆದರೆ ಪಕ್ಕೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿಸುವುದು ನೆನಪಾಗುತ್ತದೆ. ಇನ್ನೂ ಬಾರದ, ಆದರೆ ಬರಬಹುದಾದ ತೊಂದರೆಯನ್ನು ಬರೆಯುವಾಗ ಮಾತ್ರ ಲಕ್ಷಣಗಳ ಭಾಗ ಇರುವುದಿಲ್ಲ. ಬಾರದ ತೊಂದರೆಗೆ ಲಕ್ಷಣವಿರಲು ಸಾಧ್ಯವಿಲ್ಲ, ಅಲ್ಲಿ ಅಪಾಯಕಾರಿ ಅಂಶಗಳನ್ನಷ್ಟೇ ಬರೆಯಬೇಕು.

ಇದೇ ರೋಗಿಗೆ ಜ್ವರವಿದೆ, ಎದೆನೋವಿದೆ, ಊಟ ಸೇರುತ್ತಿಲ್ಲ, ಕಾಯಿಲೆಯ ಬಗ್ಗೆ ತಿಳಿವಳಿಕೆ ಕಡಿಮೆಯಿದೆ. ಇವೆಲ್ಲವನ್ನೂ ಪಟ್ಟಿ ಮಾಡಿ, ಉಸಿರಾಟಕ್ಕೆ ಸಂಬಂಧಿಸಿದ್ದನ್ನು ಮೊದಲಿಗಿಡಿ. ಆದ್ಯತೆಯ ಬಗ್ಗೆ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಗುರಿ ರೋಗಿಯದು

‘ಆಮ್ಲಜನಕ ಕೊಡುವುದು’ ಎಂದು ಗುರಿಯ ಕಲಮಿನಲ್ಲಿ ಬರೆದವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಅದು ದಾದಿಯ ಕೆಲಸವೇ ಹೊರತು ರೋಗಿಯಲ್ಲಿ ಆಗಬೇಕಾದ ಬದಲಾವಣೆಯಲ್ಲ. ‘24 ಗಂಟೆಗಳೊಳಗೆ ರೋಗಿಯ ಉಸಿರಾಟ ನಿಮಿಷಕ್ಕೆ 24ಕ್ಕಿಂತ ಕಡಿಮೆಯಾಗುತ್ತದೆ, ಆಮ್ಲಜನಕದ ಪ್ರಮಾಣ ಶೇ 94 ಅಥವಾ ಹೆಚ್ಚಿರುತ್ತದೆ, ರೋಗಿ ತಾವೇ ಕೆಮ್ಮಿ ಕಫ ಹೊರಹಾಕುತ್ತಾರೆ’ ಎಂದು ಬರೆಯಿರಿ. ಸಮಯ ಮತ್ತು ಅಳತೆ ಎರಡೂ ಇದ್ದರೆ ಮಾತ್ರ ಮರುದಿನ ಅದನ್ನು ಪರಿಶೀಲಿಸಲಾಗುತ್ತದೆ. ಬಹುಕಾಲದಿಂದ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲೀನ ಕಾಯಿಲೆ) ಇರುವವರಿಗೆ ಈ ಆಮ್ಲಜನಕದ ಗುರಿಯನ್ನು ಸಾಮಾನ್ಯವಾಗಿ ಶೇ 88ರಿಂದ 92ರ ನಡುವೆ ಇಡುತ್ತಾರಾದ್ದರಿಂದ, ವೈದ್ಯರ ಆದೇಶವನ್ನು ನೋಡದೆ ಅಂಕಿಯನ್ನು ಬರೆಯಬಾರದು.

ಮುಂದಿನದು ಆರೈಕೆಯ ಕ್ರಮಗಳು ಮತ್ತು ಪ್ರತಿಯೊಂದಕ್ಕೂ ತಾರ್ಕಿಕ ಕಾರಣ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿದಾಗ ಹೊಟ್ಟೆಯ ಅಂಗಗಳ ಒತ್ತಡ ತಗ್ಗಿ, ವಪೆ ಕೆಳಗಿಳಿದು, ಶ್ವಾಸಕೋಶ ಹಿಗ್ಗಲು ಜಾಗವಾಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿಗೆ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ 2ರಿಂದ 2.5 ಲೀಟರ್ ದ್ರವ ಕುಡಿಸುವುದರಿಂದ ಕಫ ತೆಳುವಾಗುತ್ತದೆ. ಎಚ್ಚರವಾಗಿರುವಾಗ ಗಂಟೆಗೊಮ್ಮೆ ದೀರ್ಘ ಉಸಿರಾಟ ಮಾಡಿಸುವುದರಿಂದ ಮುಚ್ಚಿಕೊಂಡ ವಾಯುಕೋಶಗಳು ತೆರೆದುಕೊಳ್ಳುತ್ತವೆ. ಆಮ್ಲಜನಕ, ನೆಬುಲೈಸೇಷನ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಕೊಡುವುದು), ಆಂಟಿಬಯಾಟಿಕ್ ಇವು ವೈದ್ಯರ ಆದೇಶದಂತೆ ನಡೆಯುವಂಥವು, ಹಾಗೆಂದು ಸ್ಪಷ್ಟವಾಗಿ ನಮೂದಿಸಿ. ಪುಸ್ತಕದಲ್ಲಿರುವ ಇಪ್ಪತ್ತು ಕ್ರಮಗಳನ್ನು ಇಳಿಸಿಕೊಳ್ಳುವುದಕ್ಕಿಂತ ನಿಮ್ಮ ಕೈಯಾರೆ ಮಾಡಿದ ಆರು ಕ್ರಮಗಳನ್ನು, ಮಾಡಿದ ಸಮಯದ ಸಮೇತ ಬರೆಯುವುದು ನನ್ನ ದೃಷ್ಟಿಯಲ್ಲಿ ಎಷ್ಟೋ ಮೇಲು.

ಮೌಲ್ಯಮಾಪನದಲ್ಲಿ ಎಲ್ಲರೂ ‘ಗುರಿ ಈಡೇರಿದೆ’ ಎಂದೇ ಬರೆಯುತ್ತಾರೆ. ಮರುದಿನ ಉಸಿರಾಟ 24ಕ್ಕೆ ನಿಂತಿದ್ದರೆ, ಆಮ್ಲಜನಕ ಕೊಟ್ಟಾಗ ಮಾತ್ರ ಪ್ರಮಾಣ ಶೇ 95 ಇದ್ದರೆ, ‘ಗುರಿ ಭಾಗಶಃ ಈಡೇರಿದೆ’ ಎಂದು ಬರೆದು, ಯಾವ ಕ್ರಮವನ್ನು ಮುಂದುವರಿಸುತ್ತೀರಿ, ಯಾವುದನ್ನು ಬದಲಿಸುತ್ತೀರಿ ಎಂಬುದನ್ನು ಸೇರಿಸಿ. ಹಾಗೆ ಬರೆದ ವಿದ್ಯಾರ್ಥಿಗೆ ನಾನು ಅಂಕ ಕಡಿಮೆ ಮಾಡಿದ್ದೇ ಇಲ್ಲ.

ಅದೇ ಆಸ್ಪತ್ರೆಗೆ ವಿಳಾಸಗಳ ಹಂಚಿಕೆ

ಈಗ ಇನ್ನೊಂದು ಕಟ್ಟು. ನನ್ನ ಪತಿ ಲ್ಯಾಬಿನಲ್ಲಿ ಕೊಡುವ ಒಂದು ಲೆಕ್ಕ ಆಸ್ಪತ್ರೆಯದೇ ಆಗಿದೆ: 192.168.10.0/24 ಎಂಬ ಜಾಲವನ್ನು ವಾರ್ಡುಗಳ 100 ಉಪಕರಣಗಳಿಗೆ, ಪ್ರಯೋಗಾಲಯ ಮತ್ತು ಔಷಧಾಲಯದ 50ಕ್ಕೆ, ಕಚೇರಿಯ 25ಕ್ಕೆ, ಎರಡು ರೂಟರ್‌ಗಳ (ಜಾಲಗಳನ್ನು ಒಂದಕ್ಕೊಂದು ಬೆಸೆಯುವ ಸಾಧನ) ನಡುವಿನ ಕೊಂಡಿಯ 2 ವಿಳಾಸಗಳಿಗೆ ಹಂಚಬೇಕು. ಒಂದು ಐಪಿವಿ4 ವಿಳಾಸದಲ್ಲಿ (ಜಾಲದಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆ) 32 ಬಿಟ್‌ಗಳಿವೆ, ಅಂದರೆ 0 ಅಥವಾ 1 ಆಗಿರುವ 32 ಸ್ಥಾನಗಳು. /24 ಎಂದರೆ ಮೊದಲ 24 ಬಿಟ್ ಜಾಲಕ್ಕೆ, ಉಳಿದ 8 ಬಿಟ್ ಉಪಕರಣಗಳಿಗೆ. ಹೀಗಾಗಿ ಒಟ್ಟು 256 ವಿಳಾಸಗಳು ಸಿಗುತ್ತವೆ.

ಮೊದಲು ದೊಡ್ಡ ಬೇಡಿಕೆಯನ್ನು ಕೈಗೆತ್ತಿಕೊಳ್ಳಿ. ನೂರಕ್ಕೆ ಸಾಲುವ, ಎರಡರ ಘಾತವಾಗಿರುವ ಅತಿ ಚಿಕ್ಕ ಸಂಖ್ಯೆ 128. ಅದರಲ್ಲಿ ಮೊದಲನೆಯದು ಜಾಲದ ವಿಳಾಸ, ಕೊನೆಯದು ಬ್ರಾಡ್‌ಕಾಸ್ಟ್ (ಜಾಲದ ಎಲ್ಲ ಉಪಕರಣಗಳಿಗೂ ಒಟ್ಟಿಗೆ ಕಳುಹಿಸುವ) ವಿಳಾಸ, ಬಳಕೆಗೆ ಉಳಿಯುವುದು 126. ಇದು /25, ಮಾಸ್ಕ್ (ವಿಳಾಸದ ಯಾವ ಭಾಗ ಜಾಲದ್ದೆಂದು ತೋರಿಸುವ ಸಂಖ್ಯೆ) 255.255.255.128, ವಿಳಾಸದ ಕೊನೆಯ ಅಂಕಿಯ ವ್ಯಾಪ್ತಿ 0ಯಿಂದ 127. ಐವತ್ತಕ್ಕೆ 64ರ ಗುಂಪು ಬೇಕು: /26, ಮಾಸ್ಕಿನ ಕೊನೆಯ ಅಂಕಿ 192, ವ್ಯಾಪ್ತಿ 128ರಿಂದ 191, ಬಳಕೆಗೆ 62. ಇಪ್ಪತ್ತೈದಕ್ಕೆ 32ರ ಗುಂಪು: /27, ಮಾಸ್ಕಿನ ಕೊನೆಯ ಅಂಕಿ 224, ವ್ಯಾಪ್ತಿ 192ರಿಂದ 223, ಬಳಕೆಗೆ 30. ರೂಟರ್ ಕೊಂಡಿಗೆ 4ರ ಗುಂಪು: /30, ಮಾಸ್ಕಿನ ಕೊನೆಯ ಅಂಕಿ 252, ವ್ಯಾಪ್ತಿ 224ರಿಂದ 227. ಮುಂದಿನ ವಿಸ್ತರಣೆಗೆ 28 ವಿಳಾಸಗಳು ಉಳಿದವು. ಪ್ರತಿ ವಿಭಾಗದಲ್ಲಿಯೂ ರೂಟರ್‌ಗೆ ಒಂದು ವಿಳಾಸ ಬೇಕೆಂಬುದನ್ನು ಎಣಿಕೆಯಲ್ಲಿ ಮರೆಯಬಾರದು.

ದೊಡ್ಡದರಿಂದ ಏಕೆ ಆರಂಭಿಸಬೇಕು ಎಂಬುದನ್ನು ರೆಕಾರ್ಡಿನಲ್ಲಿ ಬರೆಯದವರೇ ಹೆಚ್ಚು. ಒಂದು ಗುಂಪು ತನ್ನ ಗಾತ್ರದ ಗುಣಕದಿಂದಲೇ ಆರಂಭವಾಗಬೇಕು. 128ರ ಗುಂಪು 0ಯಿಂದ ಅಥವಾ 128ರಿಂದ ಹೊರಡಬೇಕೇ ಹೊರತು ನಡುವೆ ಎಲ್ಲಿಂದಲೋ ಅಲ್ಲ. ಚಿಕ್ಕದನ್ನು ಮೊದಲು ಹಂಚಿ, ಅದು 3ಕ್ಕೆ ಮುಗಿಯಿತೆಂದು ಮುಂದಿನ /25ನ್ನು 4ರಿಂದ ಆರಂಭಿಸುವ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ನಿಮ್ಮ ಉತ್ತರವನ್ನು ಪರೀಕ್ಷಿಸಲು ಯಾವುದಾದರೊಂದು ವಿಳಾಸವನ್ನು ದ್ವಿಮಾನ ರೂಪದಲ್ಲಿ ಬರೆಯಿರಿ. 140 ಎಂದರೆ 10001100, ಮಾಸ್ಕಿನ 192 ಎಂದರೆ 11000000. ಎರಡರಲ್ಲೂ 1 ಇರುವ ಕಡೆ ಮಾತ್ರ 1 ಉಳಿಸಿದರೆ 10000000, ಅಂದರೆ 128 ಬರುತ್ತದೆ. ಹಾಗಾಗಿ 192.168.10.140 ಪ್ರಯೋಗಾಲಯದ ಜಾಲಕ್ಕೇ ಸೇರಿದೆ. ಈ ನಾಲ್ಕು ಸಾಲುಗಳೇ ನಿಮ್ಮ ಆಧಾರ.

ನಂತರ ಇದನ್ನು ಪ್ಯಾಕೆಟ್ ಟ್ರೇಸರ್ ಎಂಬ ಜಾಲದ ಅಭ್ಯಾಸ ತಂತ್ರಾಂಶದಲ್ಲಿ ಕಟ್ಟಿ ಪಿಂಗ್ ಮಾಡಿ, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ನೋಡಿ. ವಾರ್ಡಿನ 192.168.10.20 ಸಂಖ್ಯೆಯ ಕಂಪ್ಯೂಟರಿನಿಂದ ಪಕ್ಕದ 192.168.10.21ಕ್ಕೆ ಉತ್ತರ ಬರುತ್ತದೆ, ಪ್ರಯೋಗಾಲಯದ 140ಕ್ಕೆ ಬರುವುದಿಲ್ಲ ಎಂದಿಟ್ಟುಕೊಳ್ಳಿ. ಇಂಥ ಹೊತ್ತಿನಲ್ಲಿ ವಿದ್ಯಾರ್ಥಿಗಳು ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟುತ್ತಾರೆ, ಅದರಿಂದ ಕಲಿಯುವ ಅವಕಾಶವೇ ಕೈತಪ್ಪುತ್ತದೆ. ಪಕ್ಕದ ಕಂಪ್ಯೂಟರ್ ಉತ್ತರಿಸಿದ್ದರಿಂದ ಕೇಬಲ್, ಸ್ವಿಚ್, ತನ್ನ ವಿಳಾಸ ಇವು ಸರಿಯಾಗಿವೆ. ತನ್ನ ಜಾಲದಿಂದ ಹೊರಗೆ ಹೋಗುವ ದಾರಿ ಮಾತ್ರ ಸಂಶಯಾಸ್ಪದ. ಆದ್ದರಿಂದ ಮೊದಲು ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗಲು ಕಂಪ್ಯೂಟರಿನಲ್ಲಿ ನಮೂದಿಸಿದ ರೂಟರ್‌ನ ವಿಳಾಸ) ಕಡೆ ನೋಡಬೇಕು, ಅದು ಸರಿಯಿದ್ದರೆ ರೂಟರ್‌ನ ಇಂಟರ್‌ಫೇಸ್ (ಜಾಲಕ್ಕೆ ಜೋಡಿಸುವ ಕಿಂಡಿ), ಬಳಿಕ 140ರ ಕಂಪ್ಯೂಟರಿನಲ್ಲಿರುವ ಗೇಟ್‌ವೇ. ಕಳುಹಿಸಿದ್ದು ತಲುಪಿದರೂ ಮರಳಿ ಬರುವ ದಾರಿ ಇಲ್ಲದಿದ್ದರೆ ಪಿಂಗ್ ವಿಫಲವಾಗುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ವಿಫಲವಾದ ಪಿಂಗಿನ ಪರದೆಯ ಚಿತ್ರವನ್ನು ಅಳಿಸದೆ ರೆಕಾರ್ಡಿನಲ್ಲಿ ಅಂಟಿಸಿ. ಅದರ ಕೆಳಗೆ ಯಾವುದನ್ನು ಸಂಶಯಿಸಿದಿರಿ, ಏಕೆ, ಯಾವ ಅಂಕಿಯನ್ನು ತಿದ್ದಿದಿರಿ ಎಂದು ಮೂರು ಸಾಲು ಬರೆದು, ತಿದ್ದಿದ ಮೇಲೆ ಉತ್ತರ ಬಂದ ಪರದೆಯನ್ನು ಅದೇ ಪುಟದಲ್ಲಿ ಅಂಟಿಸಿ, ದಿನಾಂಕ ನಮೂದಿಸಿ.