ಹಳೇ ಬಂಗಲೆಯಲ್ಲಿ ರಾತ್ರಿಯೂಟ: ಒಲೆಗೂ ಮೇಜಿಗೂ ಮೂವತ್ತೈದು ಹೆಜ್ಜೆ

ಕೊಡಗಿನಲ್ಲಿ ಬಿಳಿಯರ ಕಾಫಿ ತೋಟ ಶುರುವಾದದ್ದು 1854ರಲ್ಲಿ, ಮಡಿಕೇರಿ ಪಕ್ಕದಲ್ಲಿ. ಆಮೇಲೆ ಎದ್ದ ಎಷ್ಟೋ ದೊರೆ ಬಂಗಲೆಗಳಲ್ಲಿ ಹೊಗೆಗೂ ಬೆಂಕಿಗೂ ಹೆದರಿ ಅಡುಗೆಮನೆಯನ್ನು ಹಿಂದೆ ಬೇರೆಯೇ ಕಟ್ಟಿಸಿದ್ದಾರೆ. ಅತಿಥಿಗಳು ಬುಕ್ ಮಾಡಿ ಬಂದಿಳಿಯುವ ನಮ್ಮ ಬಂಗಲೆಯಲ್ಲೂ ಒಲೆಯಿಂದ ಊಟದ ಮೇಜಿಗೆ ಮೂವತ್ತೈದು ಹೆಜ್ಜೆ, ನಡುವೆ ಗೋಡೆಯಿಲ್ಲದ ದಾರಿ. ಜುಲೈ ಗಾಳಿಯಲ್ಲಿ ಅಷ್ಟು ದಾಟುವಷ್ಟರಲ್ಲಿ ಊಟ ಆರಿಹೋಗುತ್ತದೆ. ಹಾಗಾಗಿ ಯಾವುದನ್ನು ಹಿಂದಿನ ದಿನವೇ ಮಾಡಿಡಬೇಕು, ಯಾವುದಕ್ಕೆ ಕೊನೇ ಗಳಿಗೆವರೆಗೂ ಕೈ ಹಾಕಬಾರದು ಎನ್ನುವುದರ ಮೇಲೆಯೇ ನನ್ನ ಅಡುಗೆ ನಿಂತಿದೆ.

ಹಿಂದಿನ ದಿನ ಮಾಡುವುದು ಪಂದಿಕರಿ, ಅಂದರೆ ಹಂದಿಮಾಂಸದ ಕರಿ. ಹತ್ತು ಜನಕ್ಕೆ ಎರಡು ಕೆಜಿ ಮಾಂಸ, ಚರ್ಮ ಕೊಬ್ಬು ಸಮೇತ, ಒಂದಿಂಚಿನ ತುಂಡು. ಕೊಬ್ಬು ತೆಗೆಸಿ ತಂದರೆ ಕರಿ ಒಣಕಲಾಗುತ್ತದೆ. ಉಪ್ಪು, ಅರಿಸಿನ, ಖಾರದಪುಡಿ ಹಚ್ಚಿ ಒಂದು ಗಂಟೆ ಇಡುತ್ತೇನೆ. ಅರ್ಧ ಕೆಜಿ ಈರುಳ್ಳಿ, ಎರಡು ಗಡ್ಡೆ ಬೆಳ್ಳುಳ್ಳಿ, ಮೂರಿಂಚು ಶುಂಠಿ ತರಿತರಿಯಾಗಿ ಅರೆದು ಸೇರಿಸಿ, ಎಣ್ಣೆಯಿಲ್ಲದೆ ಮುಚ್ಚಿ ಬೇಯಿಸಿದರೆ ಮಾಂಸವೇ ನೀರು ಬಿಡುತ್ತದೆ. ಅದು ಇಂಗಿದ ಮೇಲೆ ಬಿಸಿನೀರು.

ಕಪ್ಪು ಮಸಾಲೆಗೆ ಕೊತ್ತಂಬರಿ ನಾಲ್ಕು ದೊಡ್ಡ ಚಮಚ, ಕಾಳುಮೆಣಸು ಎರಡು, ಜೀರಿಗೆ ಒಂದು, ಸಾಸಿವೆ ಎರಡು ಟೀ ಚಮಚ, ಮೆಂತ್ಯ ಅರ್ಧ. ಬೇರೆಬೇರೆಯಾಗಿಯೇ ಹುರಿಯಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಕಪ್ಪಾಗುವ ಹೊತ್ತಿಗೆ ಮೆಂತ್ಯ ಸೀದು ಕರಿಯೆಲ್ಲ ಕಹಿ. ಮಾಂಸ ಪೂರ್ತಿ ಬೆಂದ ಮೇಲೆ ಈ ಪುಡಿ, ಜೊತೆಗೆ ಕಾಚಂಪುಳಿ (ಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಹುಳಿ) ಎರಡು ದೊಡ್ಡ ಚಮಚ, ಹತ್ತು ನಿಮಿಷದ ಕುದಿ. ಹುಳಿ ಮೊದಲೇ ಹಾಕಿದರೆ ನೀರು ಬತ್ತಿದ ಹಾಗೆ ಏರುತ್ತಾ ಹೋಗುತ್ತದೆ, ಆಮೇಲೆ ಇಳಿಸಲು ದಾರಿಯಿಲ್ಲ. ಒಳ್ಳೇ ಕಾಚಂಪುಳಿ ಟಾರಿನ ಹಾಗೆ ಕಪ್ಪಗೆ ಮಂದವಾಗಿ ಚಮಚದ ಬೆನ್ನಿಗೆ ಅಂಟುತ್ತದೆ. ಬಾಟಲಿ ಅಲ್ಲಾಡಿಸಿದಾಗ ನೀರಿನಂತೆ ಕುಲುಕಿದರೆ ದುಡ್ಡು ಕೊಡಬೇಡಿ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ.

ಕರಿ ಜೊತೆಗಿನ ಕಡಂಬುಟ್ಟಿನ, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿತರಿ ಉಂಡೆಯ ಕಥೆ ಇದಕ್ಕೆ ತಿರುವುಮುರುವು. ಹಬೆಯಿಂದ ತೆಗೆದು ಹತ್ತು ನಿಮಿಷವಾದರೆ ಮೇಲೆ ಸಿಪ್ಪೆಗಟ್ಟುತ್ತದೆ. ಮೂರು ಲೋಟ ಅಕ್ಕಿತರಿಗೆ ಏಳೂವರೆ ಲೋಟ ನೀರು, ಉಪ್ಪು, ಒಂದು ಚಮಚ ತುಪ್ಪ. ಕುದಿಯುವ ನೀರಿಗೆ ತರಿ ಉದುರಿಸಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ನೀರು ಕಡಿಮೆಯಾದರೆ ಉಂಡೆಯ ನಡುವೆ ಕಾಳು ಕಾಳು ಸಿಗುತ್ತದೆ. ತರಿ ನುಣ್ಣಗಿದ್ದರೆ ಅಂಟು. ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಿ ಕಟ್ಟಿದರೆ ನಲವತ್ತರ ಆಸುಪಾಸು ಉಂಡೆ. ಉಂಡೆ ಕಟ್ಟಿ ಒದ್ದೆಬಟ್ಟೆ ಮುಚ್ಚಿಡುವವರೆಗೆ ಹಿಂದಿನ ಅಡುಗೆಮನೆಯ ಕೆಲಸ. ಏಳೂವರೆಗೆ ಊಟದ ಕೋಣೆ ಪಕ್ಕದ ಉಗ್ರಾಣದಲ್ಲಿ ಗ್ಯಾಸ್ ಹಚ್ಚಿ, ಇಪ್ಪತ್ತು ನಿಮಿಷ ಹಬೆ. ಪಾತ್ರೆ ಸಮೇತ ಮೇಜಿನ ಹತ್ತಿರ ತಂದು ಮುಚ್ಚಳ ತೆಗೆಯುವುದು.

ಊಟದ ಕೋಣೆಯ ಬೆಂಕಿ ಸಂಜೆ ಐದಕ್ಕೇ ಹೊತ್ತಬೇಕು. ದಪ್ಪ ಕಲ್ಲುಗೋಡೆ, ರೆಡ್ ಆಕ್ಸೈಡ್ ನೆಲ, ಎರಡೂ ಬೇಗ ಬಿಸಿಯಾಗುವುದಿಲ್ಲ. ಹಚ್ಚುವುದಕ್ಕೆ ಸಿಲ್ವರ್ ಓಕ್ ಚೆಕ್ಕೆ, ನಿಲ್ಲುವುದಕ್ಕೆ ಒಣಗಿದ ಕಾಫಿ ಬೊಡ್ಡೆ. ತಣ್ಣಗಿರುವ ಚಿಮಣಿ ಹೊಗೆ ಎಳೆಯುವುದಿಲ್ಲ, ಎಲ್ಲ ಕೋಣೆಗೇ ಬರುತ್ತದೆ. ಮೊದಲು ಒಂದು ಪೇಪರ್ ಸುರುಳಿ ಹೊತ್ತಿಸಿ ಚಿಮಣಿ ಬಾಯೊಳಗೆ ಎತ್ತಿ ಹಿಡಿದರೆ ಗಾಳಿ ಮೇಲಕ್ಕೆ ತಿರುಗುತ್ತದೆ. ಆಗಲೂ ಹೊಗೆ ವಾಪಸ್ ಬಂದರೆ ಮೇಲೆ ಹಕ್ಕಿಗೂಡಿದೆ ಅಂತ ತಿಳಿಯಿರಿ. ಮೇ ತಿಂಗಳಲ್ಲೇ ತೆಗೆಸಬೇಕಿತ್ತು.

ಮಾಂಸ ತಿನ್ನದವರಿಗೆ ಮಳೆಗಾಲದಲ್ಲಿ ಬೈಂಬಳೆ ಕರಿ, ಅಂದರೆ ಕಣಿಲೆಯ (ಎಳೆ ಬಿದಿರಿನ ಮೊಳಕೆಯ) ಕರಿ. ಕಣಿಲೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲಬೇಕು. ಹಸಿ ಕಣಿಲೆಯಲ್ಲಿ ವಿಷವಿರುತ್ತದೆ. ಅದಕ್ಕೇ ಬರುವವರಲ್ಲಿ ಸಸ್ಯಾಹಾರಿಗಳು ಎಷ್ಟು ಜನ ಎಂದು ಬುಕಿಂಗ್ ದಿನವೇ ಕೇಳುತ್ತೇನೆ, ಬಂದಿಳಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ ಬಂದವರಿಗೆ ಮದ್ದುಸೊಪ್ಪು ಎಂಬ ಔಷಧಿ ಗಿಡದ ಪಾಯಸ ಇದ್ದೇ ಇರುತ್ತದೆ. ನೇರಳೆ ಬಣ್ಣ ನೋಡಿ ಫೋಟೋ ತೆಗೆದುಕೊಳ್ಳುತ್ತಾರೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿ ಬೇಡ ಎಂದು ಬಟ್ಟಲು ಕೈಗಿಡುವಾಗಲೇ ಹೇಳಿಬಿಡಿ. ಇಲ್ಲದಿದ್ದರೆ ಬೆಳಗಿನ ಜಾವ ಡಾಕ್ಟರ್ ನಂಬರ್ ಕೇಳಿಕೊಂಡು ಬಾಗಿಲು ತಟ್ಟುತ್ತಾರೆ.