ಹಿರಿಯರ ತೋಳನ್ನೂ ನೋಡಿ
ಮನೆಮನೆಗೆ ಹೋಗುವ ನರ್ಸ್ ನಾನು. ಬಿಪಿ ಪಟ್ಟಿ ಕಟ್ಟುವಾಗ ತೋಳನ್ನೂ ನೋಡುತ್ತೇನೆ. ಬಿದ್ದವರಿಗೆ ಹೆಚ್ಚಾಗಿ ಮೊಣಕಾಲು, ಅಂಗೈ ತರಚುತ್ತದೆ. ರಟ್ಟೆಯ ಸುತ್ತ ಬೆರಳಚ್ಚಿನಂತೆ ಕಂದಿದ್ದರೆ ಯಾರೋ ಹಿಡಿದು ಎಳೆದಿರಬಹುದು.

ಮನೆಯವರನ್ನು ನೀರು ತರಲು ಕಳಿಸಿ, ಒಬ್ಬರೇ ಇದ್ದಾಗ ಮಾತನಾಡಿಸಿ. "ಮಗ ಹೊಡೆಯುತ್ತಾನಾ?" ಎಂದರೆ ತಾಯಿ ಒಪ್ಪುವುದಿಲ್ಲ. "ಅಜ್ಜಿ, ಬೆಳಗ್ಗೆ ಏನು ತಿಂದಿರಿ? ಪಿಂಚಣಿ ದುಡ್ಡು ಯಾರ ಕೈಯಲ್ಲಿದೆ? ಯಾರನ್ನಾದರೂ ಕಂಡರೆ ಭಯವೇ?" ಎನ್ನಿ. ಒಬ್ಬ ಅಜ್ಜಿ ಉತ್ತರಿಸಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬರಿದಾದ ಬಟ್ಟೆಯನ್ನು ನನ್ನ ಮುಂದೆ ಹಿಡಿದರು.

ಅಲ್ಲೇ ಜಗಳ ತೆಗೆಯಬೇಡಿ. ನಾವು ಹೊರಟ ಮೇಲೆ ಪೆಟ್ಟು ಬೀಳುವುದು ಅವರಿಗೇ. ಕಂಡದ್ದನ್ನು ದಿನಾಂಕ ಸಮೇತ ಬರೆದಿಟ್ಟು, ಅವರ ಒಪ್ಪಿಗೆ ಪಡೆದು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಊಟ, ಔಷಧಿಗೂ ಕೊಡದ ಮಕ್ಕಳಿಂದ ಜೀವನಾಂಶ ಕೇಳಲು 2007ರ ಕಾಯ್ದೆಯಿದೆ.