ಚಿಲ್ಲರೆ, ಸ್ಕ್ಯಾನು, ಸ್ವೈಪು: ದಿನದ ಖರ್ಚಿಗೆ ಯಾವುದು ಎಲ್ಲಿ

ಬೆಳಗಿನ ಹೊತ್ತು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆಗೆ 500ರ ನೋಟು ಚಾಚಿದರೆ ಹೂವಿನವರು ‘ಇನ್ನೂ ಬೋಣಿನೇ ಆಗಿಲ್ಲ ಸ್ವಾಮಿ, ಚಿಲ್ಲರೆ ಕೊಡಿ’ ಅನ್ನುತ್ತಾರೆ. ಅದೇ ನೋಟನ್ನು ಪೆಟ್ರೋಲ್ ಬಂಕಿನಲ್ಲಿ ಕೊಟ್ಟರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ನಗದು ಒಳ್ಳೆಯದೋ ಕಾರ್ಡೋ ಎಂದು ಒಂದೇ ಮಾತಿನ ಉತ್ತರ ಹುಡುಕಿದರೆ ಸಿಗದು. ಜೇಬಿನಲ್ಲಿ ಎಷ್ಟು ಹಣವಿದೆ ಅನ್ನುವುದಕ್ಕಿಂತ ಯಾವ ನೋಟುಗಳಿವೆ, ಎದುರಿಗಿರುವ ವ್ಯಾಪಾರಿಗೆ ಯಾವುದು ಅನುಕೂಲ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನೋಟಿನ ಹಂಚಿಕೆ

ಒಂದು ಮನೆಯ ವಾರದ ಕೈಖರ್ಚಿಗೆ 1,000 ರೂಪಾಯಿ ಎಂದುಕೊಳ್ಳಿ. ಹೂವು, ಸೊಪ್ಪು, ಬಸ್ಸು, ಆಟೊ, ಟೀ, ದೇವಸ್ಥಾನದ ತಟ್ಟೆ ಇಷ್ಟಕ್ಕೆ. ಅದು ಹೀಗಿದ್ದರೆ ಎಲ್ಲೂ ತೊಡಕಾಗದು: 100ರ ನೋಟು 4, 50ರದ್ದು 6, 20ರದ್ದು 8, 10ರದ್ದು 10, ಉಳಿದ 40 ರೂಪಾಯಿಗೆ 5ರ ನಾಣ್ಯ 6 ಮತ್ತು 2ರ ನಾಣ್ಯ 5. ಇದರ ಹೊರಗೆ ಒಂದು 500ರ ನೋಟನ್ನು ಮಡಿಸಿ ಬೇರೆ ಜಾಗದಲ್ಲಿ ಇಡಿ. ಫೋನ್ ಸತ್ತಾಗ, ಪರ್ಸ್ ಕಳೆದಾಗ ಮನೆ ಸೇರಲು ಅದು ಬೇಕು, ದಿನದ ಖರ್ಚಿಗೆ ಅದನ್ನು ಮುಟ್ಟಬೇಡಿ.

ಇಷ್ಟು ಚಿಲ್ಲರೆ ಎಲ್ಲಿಂದ ತರುವುದು? ಎಟಿಎಂನಲ್ಲಿ 2,000 ಎಂದು ಒತ್ತಿದರೆ ಸಾಮಾನ್ಯವಾಗಿ ನಾಲ್ಕೂ 500ರ ನೋಟೇ ಬರುತ್ತವೆ. 1,900 ಎಂದು ಒತ್ತಿ. ಮೂರು 500 ಬಂದರೂ ಮಿಕ್ಕ 400ನ್ನು ಯಂತ್ರ 100ರಲ್ಲೋ 200ರಲ್ಲೋ ಕೊಡಲೇಬೇಕು. ಒಳಗೆ ಸಣ್ಣ ನೋಟು ಇಲ್ಲದಿದ್ದರೆ ‘500ರ ಗುಣಕದಲ್ಲಿ ನಮೂದಿಸಿ’ ಎಂದು ತೋರಿಸುತ್ತದೆ, ಆಗ ಬೇರೆ ಎಟಿಎಂ ನೋಡಿ. ಹೆಚ್ಚಿನ ಎಟಿಎಂಗಳಲ್ಲಿ ಒಂದು ಪೆಟ್ಟಿಗೆಯಾದರೂ 100 ಅಥವಾ 200ರ ನೋಟಿಗೆ ಮೀಸಲಿರಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ಹೇಳಿದೆ, ಹಾಗಾಗಿ ಹುಡುಕಿದರೆ ಸಿಗುತ್ತದೆ. 10 ಮತ್ತು 20ರ ನೋಟಿಗೆ ಬ್ಯಾಂಕಿನ ಕ್ಯಾಷ್ ಕೌಂಟರೇ ಗತಿ. ಒಂದು ಕಟ್ಟಿನಲ್ಲಿ 100 ನೋಟು, ಅಂದರೆ 10ರ ಕಟ್ಟಿಗೆ 1,000 ರೂಪಾಯಿ. ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು ಉದ್ದವಿರುತ್ತದೆ. ಆ ವಾರ ಬಿಟ್ಟು ಹೋಗಿ ಕೇಳಿದರೆ ಕ್ಯಾಷಿಯರ್ ಕೂಡ ಸಮಾಧಾನದಿಂದ ನೋಡಿ ಕೊಡುತ್ತಾರೆ.

ಮೈಸೂರು, ಮಂಡ್ಯ ಎರಡೂ ಎಟಿಎಂ ಲೆಕ್ಕದ ಮೆಟ್ರೊ (ಮಹಾನಗರ) ಪಟ್ಟಿಯಲ್ಲಿಲ್ಲ. ಹಾಗಾಗಿ ನಿಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ, ಬೇರೆ ಬ್ಯಾಂಕಿನದರಲ್ಲಿ 5 ಸಲ ಉಚಿತ. ಬೆಂಗಳೂರಿನ ಎಟಿಎಂ ಬಳಸಿದರೆ ಬೇರೆ ಬ್ಯಾಂಕಿನ ಲೆಕ್ಕ 3ಕ್ಕೆ ಇಳಿಯುತ್ತದೆ. ಮೀರಿದರೆ ಒಂದು ಸಲಕ್ಕೆ 23 ರೂಪಾಯಿವರೆಗೆ, ಮೇಲೆ ತೆರಿಗೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದ್ದೂ ಈ ಎಣಿಕೆಗೆ ಸೇರುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಬ್ಯಾಲೆನ್ಸನ್ನು ಫೋನಿನಲ್ಲೇ ನೋಡಿಕೊಳ್ಳಿ.

ದೊಡ್ಡ ನೋಟು ಮುರಿಸಲು ಬಂಕು, ಸೂಪರ್ ಮಾರ್ಕೆಟ್, ಮಧ್ಯಾಹ್ನದ ಹೊತ್ತಿನ ಹೋಟೆಲು, ಸಂಜೆಯ ಮೆಡಿಕಲ್ ಸ್ಟೋರು ಸರಿಯಾದ ಜಾಗ. ಬಸ್ಸಿನಲ್ಲಿ ಮುರಿಸುವ ಯೋಚನೆ ಬೇಡ. ಕಂಡಕ್ಟರ್ ಬಾಕಿಯನ್ನು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಆ ಚೀಟಿ ಮುದುಡಿ ಕಿಟಕಿಯಿಂದ ಹೋದರೆ ನಿಮ್ಮ ಚಿಲ್ಲರೆಯೂ ಹೋಯಿತು. ಬರೆಸಿಕೊಂಡಿದ್ದರೆ ಇಳಿಯುವ ನಿಲ್ದಾಣಕ್ಕೆ ಒಂದು ನಿಲ್ದಾಣ ಮುಂಚೆಯೇ ಎದ್ದು ಕೇಳಿ, ಬಾಗಿಲಲ್ಲಿ ನೂಕುನುಗ್ಗಲಿನ ನಡುವೆ ಅಲ್ಲ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಓಡಾಡುವ ಹೆಂಗಸರಿಗೆ ದುಡ್ಡಿನ ಚಿಂತೆಯಿಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿದ್ದರೆ ಸಾಕು.

ಹರಕಲು ನೋಟು, ಹತ್ತರ ನಾಣ್ಯ

ನೋಟು ಮುದ್ರಿಸುವ ಕಾರ್ಖಾನೆ ಮೈಸೂರಿನಲ್ಲೇ ಇದೆ, ಆದರೂ ಊರ ತುಂಬ ಹರಕಲು ನೋಟು ಕೈಯಿಂದ ಕೈಗೆ ತಳ್ಳಾಡುತ್ತಿರುತ್ತವೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಸೆರಗಿಗೆ ಅದನ್ನು ದಾಟಿಸಬೇಡಿ. ನಷ್ಟ ತಡೆಯುವ ಶಕ್ತಿ ಆಕೆಗೆ ಎಲ್ಲರಿಗಿಂತ ಕಡಿಮೆ. ಯಾವ ಬ್ಯಾಂಕಿನ ಶಾಖೆಗೆ ಹೋದರೂ ಬದಲಿಸಿಕೊಡಬೇಕು, ಅಲ್ಲಿ ಖಾತೆ ಇಲ್ಲದಿದ್ದರೂ ಸರಿ. ದಿನಕ್ಕೆ 20 ನೋಟು, ಒಟ್ಟು 5,000 ರೂಪಾಯಿವರೆಗೆ ಶುಲ್ಕವಿಲ್ಲ. ಹರಿದು ಚೂರಾಗಿದ್ದರೆ ಉಳಿದ ದೊಡ್ಡ ತುಂಡಿನ ಅಳತೆ ನೋಡುತ್ತಾರೆ. 20 ರೂಪಾಯಿವರೆಗಿನ ನೋಟು ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ ಬೆಲೆ, ಇಲ್ಲದಿದ್ದರೆ ಏನೂ ಇಲ್ಲ. 50 ಮತ್ತು ಮೇಲಿನ ನೋಟಿಗೆ ಶೇ. 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಶೇ. 40ರಿಂದ 80ರವರೆಗೆ ಅರ್ಧ.

10 ರೂಪಾಯಿ ನಾಣ್ಯ ‘ನಡೆಯಲ್ಲ’ ಅನ್ನುವ ಅಂಗಡಿಗಳು ಇನ್ನೂ ಇವೆ. ಹತ್ತಕ್ಕೂ ಹೆಚ್ಚು ವಿನ್ಯಾಸಗಳಲ್ಲಿ ಅದು ಬಂದಿರುವುದೇ ಗೊಂದಲಕ್ಕೆ ಕಾರಣ. ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ ಹಲವು ಸಲ ಹೇಳಿದೆ.

500ರ ನೋಟು ತೆಗೆದುಕೊಳ್ಳುವಾಗ ಎರಡು ಪರೀಕ್ಷೆ ಸಾಕು. ನೋಟನ್ನು ಓರೆ ಮಾಡಿದರೆ ಹಸಿರು ದಾರ ನೀಲಿಯಾಗಬೇಕು. ಎಡ ಬಲ ಅಂಚುಗಳಲ್ಲಿ ಉಬ್ಬಿದ 5 ಓರೆಗೆರೆ ಬೆರಳಿಗೆ ಸಿಗಬೇಕು. 100ರ ನೋಟಿನಲ್ಲಿ ಆ ಗೆರೆ 4. ಮಬ್ಬುಗತ್ತಲಲ್ಲಿ, ಸಂತೆ ಮುಗಿಯುವ ಹೊತ್ತಲ್ಲಿ ಕಣ್ಣಿಗಿಂತ ಬೆರಳೇ ವಾಸಿ.

ಸ್ಕ್ಯಾನ್ ಮಾಡುವ ಮುನ್ನ

ಕಾರ್ಡಿನ ಜಾಗವನ್ನು ಬಹುಪಾಲು ಯುಪಿಐ ಹಿಡಿದಿರುವುದರಿಂದ ಅದರ ಮಾತೂ ಇಲ್ಲೇ ಆಗಬೇಕು. ಮೊದಲ ಕೆಲಸ: ಸಂಬಳ ಬೀಳುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಬೇರೊಂದು ಉಳಿತಾಯ ಖಾತೆ ತೆರೆದು ಅದನ್ನು ಜೋಡಿಸಿ, ವಾರಕ್ಕೊಮ್ಮೆ ಬೇಕಾದಷ್ಟು ಮಾತ್ರ ಅದಕ್ಕೆ ಹಾಕಿ. ಮೋಸ ಹೋದರೂ ಹೋಗುವುದು ಆ ವಾರದ ದುಡ್ಡು ಮಾತ್ರ. ಟೀ, ಹಾಲು, ಆಟೊದಂಥ ಸಣ್ಣ ಪಾವತಿಗೆ ಯುಪಿಐ ಲೈಟ್ ಹಾಕಿಕೊಳ್ಳಿ. ಅದರಲ್ಲಿ 5,000 ರೂಪಾಯಿವರೆಗೆ ತುಂಬಿಡಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಕೇಳದು. ಪ್ರತಿ ಸಲವೂ ಬ್ಯಾಂಕಿನ ಸರ್ವರ್ ತನಕ ಹೋಗದ ಕಾರಣ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಪಾಸ್‌ಬುಕ್ಕೂ ಹತ್ತು ಹತ್ತು ರೂಪಾಯಿಯ ಸಾಲುಗಳಿಂದ ತುಂಬುವುದಿಲ್ಲ.

ಸ್ಕ್ಯಾನ್ ಆದ ಮೇಲೆ ಪರದೆಯಲ್ಲಿ ಬರುವ ಹೆಸರನ್ನು ಜೋರಾಗಿ ಓದಿ ಕೇಳಿ: ‘ಅಣ್ಣ, ಈ ಹೆಸರು ನಿಮ್ದೇನಾ?’ ಅಂಗಡಿಯ ಕ್ಯೂಆರ್ ಚೀಟಿಯ ಮೇಲೆ ಬೇರೆಯವರು ತಮ್ಮ ಚೀಟಿ ಅಂಟಿಸಿ ಹೋಗುವ ಮೋಸ ಇದರಿಂದ ತಕ್ಷಣ ಬಯಲಾಗುತ್ತದೆ. ಹಳ್ಳಿ ಸಂತೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಗಾಡಿಗೆ ನೇತುಹಾಕಿದ ಚೀಟಿ ಮಗನದ್ದೋ ಅಳಿಯನದ್ದೋ ಆಗಿರುತ್ತದೆ, ದುಡ್ಡು ಬಂದ ಸದ್ದು ಕೇಳುವುದು ಬೇರೆ ಊರಿನಲ್ಲಿರುವ ಅವರ ಫೋನಿನಲ್ಲಿ. ಅವ್ವ ಕೈಯಲ್ಲಿ ನಿಮ್ಮ ಟೊಮೇಟೊ ಚೀಲ ಹಿಡಿದು, ಮಗ ಫೋನ್ ಮಾಡಿ ‘ಬಂತು’ ಅನ್ನುವವರೆಗೆ ಕಾಯುತ್ತಾಳೆ. ಮಾರನೆಯ ಬೆಳಗ್ಗೆ ಮಂಡಿಯಲ್ಲಿ ಮಾಲು ಎತ್ತಲು ಆಕೆಗೆ ಬೇಕಾಗಿರುವುದು ಕೈಯಲ್ಲಿ ಕಾಸು. ಇಂಥ ಕಡೆ ನೋಟೇ ಕೊಡಿ.

2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ರಾಜ್ಯದಲ್ಲಿ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ‘ನಗದು ಮಾತ್ರ’ ಎಂದು ಬೋರ್ಡ್ ಹಾಕಿದವು. ಫೋನೊಂದನ್ನೇ ನಂಬಿ ಮನೆ ಬಿಟ್ಟವರಿಗೆ ಆಗ ಬನ್ನಿಗೂ ತೊಂದರೆಯಾಯಿತು. ದಸರೆಯ ಜಂಬೂಸವಾರಿ ದಿನ ಅರಮನೆ ಸುತ್ತ, ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಜನ ಸೇರಿ ನೆಟ್‌ವರ್ಕ್ ಕಟ್ಟಿಕೊಂಡರೂ ಅದೇ ಪಾಡು.

ಪಾವತಿ ಅರ್ಧಕ್ಕೆ ನಿಂತು ‘ಪೆಂಡಿಂಗ್’ ಎಂದರೆ ತಕ್ಷಣ ಎರಡನೇ ಸಲ ಕಳಿಸಬೇಡಿ. ಎರಡು ನಿಮಿಷ ಬಿಟ್ಟು ಹಿಸ್ಟರಿ ನೋಡಿ. ಹೋಗಿದ್ದರೆ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ, ಅದನ್ನು ಅಂಗಡಿಯವರಿಗೆ ತೋರಿಸಿ. ಕಡಿತವಾಗಿ ಅವರಿಗೆ ಸೇರದಿದ್ದರೆ ನೋಟು ಕೊಟ್ಟು ಹೊರಡಿ, ದುಡ್ಡು ನಿಮ್ಮ ಖಾತೆಗೆ ಮರಳುತ್ತದೆ. ವ್ಯಕ್ತಿಗೆ ಕಳಿಸಿದ್ದಾದರೆ ಮಾರನೆಯ ದಿನದೊಳಗೆ, ಅಂಗಡಿಗಾದರೆ 5 ದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಕಡಿತವಾದರೂ ಇದೇ 5 ದಿನ, ಇದೇ 100 ರೂಪಾಯಿ. ಎಟಿಎಂ ಚೀಟಿ ಬಂದಿದ್ದರೆ ಎಸೆಯಬೇಡಿ. ಬಾರದಿದ್ದರೆ ಸಮಯ ಮತ್ತು ಯಂತ್ರದ ಮೇಲಿನ ಎಟಿಎಂ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕಾರ್ಡು ತೆಗೆಯುವ ಜಾಗ

ಬಿಲ್ಲು ಬೇಕಾದ ಕಡೆ, ಮೊತ್ತ ದೊಡ್ಡದಾದ ಕಡೆ, ವಸ್ತು ಹಿಂತಿರುಗಿಸುವ ಸಾಧ್ಯತೆ ಇರುವ ಕಡೆ ಕಾರ್ಡು ಒಳ್ಳೆಯದು. ತಿಂಗಳ ದಿನಸಿ, ಮಿಕ್ಸಿ, ಮೈಸೂರು ಸಿಲ್ಕ್ ಸೀರೆ, ಆಸ್ಪತ್ರೆಯ ಬಿಲ್ಲು ಇಂಥವು. ಕೊಡುವ ಮುನ್ನ ಮಷೀನಿನ ಪರದೆಯಲ್ಲಿ ಮೊತ್ತ ಓದಿ, ಸೊನ್ನೆ ಎಣಿಸಿ. ಕಾರ್ಡನ್ನು ಅವರ ಕೈಗೆ ಕೊಟ್ಟು ಕಣ್ಮರೆಯಾಗಲು ಬಿಡಬೇಡಿ, ಮಷೀನನ್ನೇ ನಿಮ್ಮ ಹತ್ತಿರ ತರಿಸಿ. ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡವಿರಲಿ.

5,000 ರೂಪಾಯಿವರೆಗೆ ಕಾರ್ಡನ್ನು ಮಷೀನಿಗೆ ತಾಗಿಸಿದರೆ ಪಿನ್ ಇಲ್ಲದೆಯೇ ಹಣ ಹೋಗುತ್ತದೆ. ಕಳೆದ ಕಾರ್ಡು ಸಿಕ್ಕವರಿಗೂ ಅಷ್ಟೇ ಸುಲಭ. ಬ್ಯಾಂಕಿನ ಆ್ಯಪ್‌ನಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿ, ಅಥವಾ ಮಿತಿಯನ್ನು 1,000ಕ್ಕೆ ಇಳಿಸಿ. ವಿದೇಶಿ ಪಾವತಿಯನ್ನೂ ಅಲ್ಲೇ ಬಂದ್ ಮಾಡಿ. ಐದು ನಿಮಿಷದ ಕೆಲಸ, ಇವತ್ತೇ ಮಾಡಬೇಕಾದದ್ದು.

‘ಕಾರ್ಡಾದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ’ ಎಂದು ಕೆಲವು ಅಂಗಡಿಗಳಲ್ಲಿ ಕೇಳುತ್ತಾರೆ. 5,000ಕ್ಕೆ ಅದು 100 ರೂಪಾಯಿ. ಡೆಬಿಟ್ ಕಾರ್ಡಿಗೆ ಹಾಗೆ ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ. ರುಪೇ ಡೆಬಿಟ್ ಕಾರ್ಡಿಗಂತೂ 2020ರ ಜನವರಿಯಿಂದ ಅಂಗಡಿಯವರ ಮೇಲೂ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಅಂಗಡಿಯವರಿಗೆ ನಿಜವಾಗಿಯೂ ಶುಲ್ಕ ಬೀಳುತ್ತದೆ. ಲಾಭ ತೆಳುವಾಗಿರುವ ಪುಟ್ಟ ಅಂಗಡಿಯಾದರೆ ಜಗಳ ಬಿಟ್ಟು ಯುಪಿಐ ಮಾಡುವುದೇ ನ್ಯಾಯ.

ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ ಅದು ಅನುಕೂಲ. ‘ಮಿನಿಮಮ್ ಡ್ಯೂ’ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿ ಉಳಿಸಿದ 10,000 ರೂಪಾಯಿಗೆ ತಿಂಗಳಿಗೆ ಶೇ. 3.5 ಬಡ್ಡಿಯಾದರೆ 350, ಅದರ ಮೇಲೆ ಶೇ. 18 ಜಿಎಸ್‌ಟಿ 63, ಒಟ್ಟು 413. ಬಾಕಿ ಇರುವಾಗ ಹೊಸದಾಗಿ ಕೊಂಡ ಅಕ್ಕಿ ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕ ಬೇರೆ, ಅವತ್ತಿನಿಂದಲೇ ಬಡ್ಡಿ ಬೇರೆ. ಎಂಥ ತುರ್ತಿದ್ದರೂ ಮೊದಲು ಬೇರೆ ದಾರಿ ನೋಡಿ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವವರು ಗಣಂಗೂರು ಟೋಲ್ ತಲುಪುವ ಮೊದಲೇ ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ನೋಡಿಕೊಳ್ಳಿ. ಟ್ಯಾಗ್ ಕೈಕೊಟ್ಟರೆ ಯುಪಿಐನಲ್ಲಿ ಒಂದೂಕಾಲು ಪಟ್ಟು, ನಗದಿನಲ್ಲಿ ಎರಡು ಪಟ್ಟು ಎಂಬ ನಿಯಮ 2025ರ ನವೆಂಬರ್ 15ರಂದು ಜಾರಿಗೆ ಬಂತು.

ಪರ್ಸು ಅಥವಾ ಫೋನು ಕಳೆದರೆ

ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಮತ್ತು ಯುಪಿಐ ನಿಲ್ಲಿಸಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಮನೆಯವರ ಫೋನಿನಲ್ಲೂ ಗೋಡೆಯ ಕ್ಯಾಲೆಂಡರಿನ ಮೇಲೂ ಈಗಲೇ ಬರೆದಿಡಿ. ಕಳೆದ ಫೋನಿನೊಳಗೇ ಅದು ಇದ್ದರೆ ಏನು ಪ್ರಯೋಜನ? ಗೂಗಲ್‌ನಲ್ಲಿ ಹುಡುಕಿದ ಸಂಖ್ಯೆಗೆ ಕರೆ ಮಾಡಲೇಬೇಡಿ, ಅಲ್ಲಿ ಮೋಸಗಾರರು ನಕಲಿ ಸಂಖ್ಯೆ ಹಾಕಿಟ್ಟಿರುತ್ತಾರೆ. ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವುದನ್ನೇ ನಂಬಿ. ನಂತರ ಸಿಮ್ ನಿಲ್ಲಿಸಿ.

ಹಣ ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೋಸಗಾರ ಅದನ್ನು ಇನ್ನೊಂದು ಖಾತೆಗೆ ದಾಟಿಸುವ ಮುನ್ನ ತಡೆಹಿಡಿಯಲು ಸಾಧ್ಯವಿರುವುದು ಮೊದಲ ಒಂದೆರಡು ಗಂಟೆಯಲ್ಲೇ. ನಿಮ್ಮ ತಪ್ಪಿಲ್ಲದೆ, ಹೊರಗಿನವರ ಕೈವಾಡದಿಂದ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಪಿನ್ ಅಥವಾ ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದು ನಿಮ್ಮ ಪಾಲಿಗೇ. ಬ್ಯಾಂಕಿಗೆ ಕೊಟ್ಟ ಲಿಖಿತ ದೂರಿಗೆ 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆ ದೂರಿನ ಪ್ರತಿ ಇಟ್ಟುಕೊಂಡು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ವಿಚಾರಿಸಲು ಸಂಖ್ಯೆ 14448.